ಥ್ಯಾಕರೆ ಅಂದ್ರೆ ಏನರ್ಥ? ಇಂಗ್ಲಿಷ್ ಸರ್‌ನೇಮ್‌ಗಳ ಮೂಲ ಹುಡುಕೋ ಸಮಗ್ರ ಮಾರ್ಗದರ್ಶಿ

ಕಿತ್ತೂರು ಚೆನ್ನಮ್ಮನ ಪಾಠ ಓದಿದೋರಿಗೆಲ್ಲ ಥ್ಯಾಕರೆ ಹೆಸರು ಗೊತ್ತೇ ಇರುತ್ತೆ, 1824ರ ಅಕ್ಟೋಬರ್‌ನಲ್ಲಿ ಕಿತ್ತೂರಲ್ಲಿ ಸತ್ತ ಧಾರವಾಡದ ಕಲೆಕ್ಟರ್. ಸ್ಕೂಲಲ್ಲಿ ಆ ಹೆಸರು ಬಾಯಿಪಾಠ ಆಗಿತ್ತು, ಆದ್ರೆ ಅದಕ್ಕೂ ಒಂದು ಅರ್ಥ ಇರಬಹುದು ಅಂತ ನಂಗೆ ಯಾವತ್ತೂ ಹೊಳೆದಿರ್ಲಿಲ್ಲ. ನಮ್ಮ ಕಡೆ ಬಡಿಗೇರ, ಪತ್ತಾರ, ಹೂಗಾರ, ಅಂಗಡಿ, ಬೆಲ್ಲದ ಅಂದ್ರೆ ಕೇಳಿದ ತಕ್ಷಣ ಗೊತ್ತಾಗುತ್ತೆ, ಇಂಗ್ಲಿಷಿನೋರ ಹೆಸರು ಮಾತ್ರ ಬರೀ ಸದ್ದು ಅನ್ಕೊಂಡಿರ್ತೀವಿ. ಅವ್ರದ್ದೂ ಕಮ್ಮಾರ, ಕುಂಬಾರ, ಹಳ್ಳದ, ಗುಡ್ಡದ, ಕೆಂಚಪ್ಪ ಇದೇ ತರದ ಹೆಸರುಗಳು, ಏಳೆಂಟುನೂರು ವರ್ಷ ಸವೆದು ಸವೆದು ಗುರುತು ಸಿಗದಂಗೆ ಆಗಿವೆ.

ಹಾಗಾಗಿ ಶುರು ಮಾಡೋ ಮುಂಚೆನೇ ಒಂದು ಮಾತು. ಇವತ್ತಿನ ಇಂಗ್ಲಿಷ್ ಡಿಕ್ಷನರಿ ಅರ್ಥ ಇಟ್ಕೊಂಡು ಹೊರಟ್ರೆ ಎಡವೋದು ಗ್ಯಾರಂಟಿ. ಹೆಸರನ್ನ ಹಿಂದೆ ಹೇಗೆ ಬರೀತಿದ್ರು, ಯಾವ ಸೀಮೆಲಿತ್ತು, ಇವೆರಡು ಗೊತ್ತಾಗೋವರೆಗೂ ಬಾಯಿ ಬಿಡಬಾರ್ದು. ಥ್ಯಾಕರೆ ಹೆಸರನ್ನೇ ಉದಾಹರಣೆಗೆ ಇಟ್ಕೊಂಡು ಹೋಗೋಣ, ದಾರಿಲಿ ಬೇರೆಯವೂ ಸಿಗ್ತವೆ.

ಮೊದಲು ಸ್ವಲ್ಪ ಹಿನ್ನೆಲೆ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆಲ್ಲೋ ತನಕ ಅಲ್ಲಿ ವಂಶಪಾರಂಪರ್ಯವಾಗಿ ಬರೋ ಸರ್‌ನೇಮ್ ಅನ್ನೋದೇ ಇರ್ಲಿಲ್ಲ ಅನ್ನಬಹುದು. ಒಬ್ಬನಿಗೆ ಒಂದು ಹೆಸರು, ಜಾಸ್ತಿ ಅಂದ್ರೆ ಜನ ಕರಿಯೋ ಒಂದು ಅಡ್ಡಹೆಸರು, ಅದು ಅವನ ಜೊತೆನೇ ಮಣ್ಣಾಗ್ತಿತ್ತು. ನಾರ್ಮನ್ ದೊರೆಗಳು ಫ್ರಾನ್ಸಲ್ಲಿದ್ದ ತಮ್ಮ ಊರಿನ ಹೆಸರು ಹೊತ್ಕೊಂಡು ಬಂದ್ರು, ಪರ್ಸಿ, ಮಾಂಟ್‌ಗೊಮೆರಿ, ಮಾರ್ಟಿಮರ್, ಬ್ಯೂಮಾಂಟ್ ಎಲ್ಲ ಹಾಗೆ ಬಂದವು. 1086ರಲ್ಲಿ ಇಡೀ ರಾಜ್ಯದ ಜಮೀನು ಲೆಕ್ಕ ಬರೆಸಿದ ಡೂಮ್ಸ್‌ಡೇ ದಾಖಲೆಲಿ ಇಂಥ ಹೆಸರು ಆಗ್ಲೇ ಕಾಣಿಸ್ತವೆ. ಸಾಮಾನ್ಯ ರೈತರ ತನಕ ಇಳಿಯೋಕೆ ಮಾತ್ರ ಮುನ್ನೂರು ವರ್ಷ ಬೇಕಾಯ್ತು, 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಸರ್‌ನೇಮ್ ಅಂಟಿಕೊಂಡಿತ್ತು.

ಯಾಕೆ ಬೇಕಾಯ್ತು ಅಂದ್ರೆ ನಾರ್ಮನ್ನರು ಬಂದ ಮೇಲೆ ಎಲ್ರೂ ಮಕ್ಕಳಿಗೆ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್ ಅಂತಾನೇ ಇಡೋಕೆ ಶುರು ಮಾಡಿದ್ರು. ಒಂದು ಹಳ್ಳಿಲಿ ಹತ್ತು ಜನ ಜಾನ್ ಇದ್ರೆ ಕಂದಾಯದೋನು ಯಾರ ಹತ್ರ ವಸೂಲಿ ಮಾಡ್ಬೇಕು? 1377, 1379, 1381ರಲ್ಲಿ ತಲೆಗಂದಾಯ ಹಾಕಿದ್ರು, ಆ ಪಟ್ಟಿಗಳೇ ಇವತ್ತು ಸರ್‌ನೇಮ್ ಹುಡುಕೋರಿಗೆ ಚಿನ್ನದ ಗಣಿ. 1381ರ ಕಂದಾಯಕ್ಕೆ ರೈತರು ದಂಗೆ ಎದ್ರಲ್ಲ, ಅದರ ನಾಯಕ ವಾಟ್ ಟೈಲರ್, ವಾಟ್ ಅಂದ್ರೆ ವಾಲ್ಟರ್ ಅನ್ನೋದರ ಮುದ್ದಿನ ಹೆಸರು, ಟೈಲರ್ ಅಂದ್ರೆ ಹಂಚು ಹೊದಿಸೋನು (ಬಟ್ಟೆ ಹೊಲಿಯೋ ಟೇಲರ್ ಬೇರೆ!).

ಸ್ಟೆಪ್ 1: ರೋಮನ್ ಅಕ್ಷರದ ಸ್ಪೆಲ್ಲಿಂಗ್ ಹಿಡ್ಕೊಳ್ಳಿ

ಕನ್ನಡದಲ್ಲಿ ‘ರೀಡ್’ ಅಂತ ಬರೆದ್ರೆ ಇಂಗ್ಲಿಷಲ್ಲಿ ಅದು ಮೂರ್ನಾಲ್ಕು ತರ ಇರಬಹುದು. ಹಳೇ ಕನ್ನಡ ಪುಸ್ತಕಗಳಲ್ಲಂತೂ ಒಬ್ಬೊಬ್ಬ ಸಾಹೇಬನಿಗೆ ಒಂದೊಂದು ಕಡೆ ಒಂದೊಂದು ಹೆಸರು, ಥ್ಯಾಕರೆ, ಠಾಕರೆ, ಥ್ಯಾಕರೇ ಎಲ್ಲ ಒಬ್ನೇ. ಹಾಗಾಗಿ ಕೇಳಿದ ಸದ್ದು ನಂಬಬೇಡಿ, ಗೋರಿ ಕಲ್ಲೋ ಸರ್ಟಿಫಿಕೇಟೋ ಏನಾದ್ರೂ ಒಂದ್ರಲ್ಲಿ ಅಕ್ಷರಗಳನ್ನ ಕಣ್ಣಾರೆ ನೋಡಿ. ಉಚ್ಚಾರಣೆ ಇನ್ನೊಂದು ತಲೆನೋವು. ಅಕ್ಷರದಲ್ಲಿ ಚೋಲ್ಮೊಂಡೆಲೀ ಅಂತಿರುತ್ತೆ, ಬಾಯಲ್ಲಿ ಚಮ್ಲಿ. ಬರಿಯೋದು ಫೆದರ್‌ಸ್ಟನ್‌ಹಾ, ಅನ್ನೋದು ಫ್ಯಾನ್‌ಶಾ. ನಾನೇನೂ ತಮಾಷೆ ಮಾಡ್ತಿಲ್ಲ.

ಸ್ಪೆಲ್ಲಿಂಗ್ ಸಿಕ್ಕ ಮೇಲೆ ಅದರ ಅಣ್ಣತಮ್ಮಂದಿರನ್ನೂ ಬರ್ಕೊಳ್ಳಿ. ಸ್ಪೆಲ್ಲಿಂಗ್ ಒಂದೇ ತರ ನಿಂತಿದ್ದು ಇತ್ತೀಚೆಗೆ, ಶೇಕ್ಸ್‌ಪಿಯರ್ ಮಹಾಶಯನ ಆರು ಸಹಿ ಉಳಿದಿವೆ, ಅವುಗಳಲ್ಲೇ ತನ್ನ ಹೆಸರನ್ನ ಬೇರೆಬೇರೆ ತರ ಬರೆದಿದಾನೆ. ನಮ್ಮ ಥ್ಯಾಕರೆಗೆ ಥ್ಯಾಕ್ರೇ, ಥ್ಯಾಕ್ರಾ ಅಂತ ಬಂಧುಗಳಿದಾರೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸ್ಟೆಪ್ 2: ಅದು ಇಂಗ್ಲಿಷ್ ಹೆಸರೇನಾ?

ಬಿಳಿಯರೆಲ್ಲ ಇಂಗ್ಲಿಷರು ಅನ್ನೋ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಅನ್ನೋ ದ್ವೀಪದೋನು. ಆ ದ್ವೀಪದ ಕಡೆ ‘ಮ್ಯಾಕ್’ ಅನ್ನೋದರ ಮುಂಭಾಗ ಉದುರಿ ಹೋಗಿ ಕೊನೇ ಕಕಾರ ಮಾತ್ರ ಹೆಸರಿಗೆ ಅಂಟಿಕೊಳ್ತು, ಅಂದ್ರೆ ಮ್ಯಾಕ್ ಗಿಬ್ಬನ್ ಅನ್ನೋದು ಕಬ್ಬನ್ ಆಯ್ತು, ಗಿಬ್ಬನ್ನನ ಮಗ. ಕಬ್ಬಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಇದಾರಲ್ಲ, ರೈಸ್ ಅನ್ನೋ ಸರ್‌ನೇಮ್ ಸಾಮಾನ್ಯವಾಗಿ ವೇಲ್ಸ್ ದೇಶದ ‘ಹ್ರೀಸ್’ ಅನ್ನೋ ಹೆಸರಿಂದ ಬಂದಿದ್ದು, ಅಕ್ಕಿ ಗಿಕ್ಕಿ ಏನಿಲ್ಲ. ಕಿಟೆಲ್ ಅಂತೂ ಜರ್ಮನ್. ಮಂಗಳೂರಿನ ಪಿಂಟೊ, ಲೋಬೊ, ಪೆರೇರಾ, ಡಿಸೋಜ ಪೋರ್ಚುಗೀಸ್, ಅವನ್ನ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ.

ಗುರುತು ಹಿಡಿಯೋಕೆ ಕೆಲವು ಸುಳಿವು ಕೊಡ್ತೀನಿ. ವೇಲ್ಸ್‌ನಲ್ಲಿ ‘ಆಪ್’ ಅಂದ್ರೆ ಇಂಥವನ ಮಗ, ಅದರ ಪಕಾರ ಬಕಾರ ಮುಂದಿನ ಹೆಸರಿಗೆ ಅಂಟ್ಕೊಂಡು ಆಪ್ ಹವೆಲ್ ಹೋಗಿ ಪವೆಲ್, ಆಪ್ ಹ್ರೀಸ್ ಹೋಗಿ ಪ್ರೈಸ್, ಆಪ್ ರಿಚರ್ಡ್ ಹೋಗಿ ಪ್ರಿಚರ್ಡ್, ಅಬ್ ಓವೆನ್ ಹೋಗಿ ಬೋವೆನ್ ಆಯ್ತು. ಇಂಗ್ಲೆಂಡಿನ ನೈರುತ್ಯ ತುದಿಲಿರೋ ಕಾರ್ನ್‌ವಾಲ್ ಕಡೆಯೋರ ಹೆಸರು ಟ್ರೆ, ಪೋಲ್, ಪೆನ್ ಅಂತ ಶುರುವಾಗ್ತವೆ, ಮನೆಕಟ್ಟು, ಕೊಳ, ತುದಿ ಅಂತ ಅರ್ಥ. ಕೆಜಿಎಫ್‌ನಲ್ಲಿ 1880ರ ದಶಕದಿಂದ ಕಾರ್ನ್‌ವಾಲ್ ಗಣಿ ಕೆಲಸದೋರು ಬಂದಿದ್ರು, ಅಲ್ಲಿನ ಹಳೇ ದಾಖಲೆ ನೋಡೋರಿಗೆ ಈ ಸುಳಿವು ಉಪಯೋಗಕ್ಕೆ ಬರುತ್ತೆ. ಸ್ಕಾಟ್ಲೆಂಡಿಗೆ ಮ್ಯಾಕ್, ಐರ್ಲೆಂಡಿಗೆ ಓ ಮತ್ತೆ ಮ್ಯಾಕ್ ಎರಡೂ, ಇದು ಎಲ್ರಿಗೂ ಗೊತ್ತಿರೋದೇ.

ಸ್ಟೆಪ್ 3: ನಾಲ್ಕರಲ್ಲಿ ಯಾವ ಗುಂಪು?

ಇಂಗ್ಲಿಷ್ ಸರ್‌ನೇಮ್ ಬಹುಪಾಲು ನಾಲ್ಕು ಮೂಲದಿಂದ ಹುಟ್ಟಿದ್ದು, ಕಸುಬು, ಅಪ್ಪನ ಹೆಸರು, ಜಾಗ, ಆಮೇಲೆ ಜನ ಇಟ್ಟ ಅಡ್ಡಹೆಸರು. ನಂಗೆ ಕಸುಬಿನ ಹೆಸರುಗಳಂದ್ರೆ ಭಾಳ ಇಷ್ಟ ಯಾಕಂದ್ರೆ ಅವುಗಳಲ್ಲಿ ಆ ಕಾಲದ ಇಡೀ ಹಳ್ಳಿನೇ ಕಾಣುತ್ತೆ. ಸ್ಮಿತ್ ಕಮ್ಮಾರ. ರೈಟ್ ಅಂದ್ರೆ ನಮ್ಮ ಬಡಿಗೇರ, ಅದರಲ್ಲೇ ವೇನ್‌ರೈಟ್ ಮತ್ತೆ ಕಾರ್ಟ್‌ರೈಟ್ ಗಾಡಿ ಮಾಡೋರು, ಆರ್ಕ್‌ರೈಟ್ ಪೆಟ್ಟಿಗೆ ಮಾಡೋನು. ಕೂಪರ್ ಪೀಪಾಯಿ ಮಾಡ್ತಿದ್ದ, ಫ್ಲೆಚರ್ ಬಾಣ, ಚಾಂಡ್ಲರ್ ಮೇಣದಬತ್ತಿ, ಟರ್ನರ್ ನಮ್ಮ ಚನ್ನಪಟ್ಟಣದೋರ ತರ ಮರ ಕಡೆಯೋನು. ಬಟ್ಟೆ ಕೆಲಸದ ಹೆಸರಂತೂ ಒಂದು ರಾಶಿ ಇವೆ. ನೇಯ್ದ ಉಣ್ಣೆ ಬಟ್ಟೆನ ನೀರಲ್ಲಿ ನೆನೆಸಿ ಕಾಲಲ್ಲಿ ತುಳಿದು ತುಳಿದು ದಪ್ಪ ಮಾಡೋ ಕೆಲಸ ಇತ್ತು, ಆ ಒಂದೇ ಕೆಲಸದೋನಿಗೆ ಆಗ್ನೇಯ ಇಂಗ್ಲೆಂಡಲ್ಲಿ ಫುಲ್ಲರ್, ನೈರುತ್ಯದಲ್ಲಿ ಟಕರ್, ಉತ್ತರದಲ್ಲಿ ವಾಕರ್ ಅಂತಿದ್ರು. ಅಂದ್ರೆ ವಾಕರ್ ವಾಕಿಂಗ್ ಹೋಗೋನಲ್ಲ, ಬಟ್ಟೆ ಮೇಲೆ ನಡೆಯೋನು, ಜೊತೆಗೆ ಆ ಮನೆತನ ಉತ್ತರದ ಕಡೆದಿರಬಹುದು ಅಂತಾನೂ ಗೊತ್ತಾಯ್ತು. ಒಂದು ಹೆಸರಲ್ಲಿ ಇಷ್ಟು ಸಿಗುತ್ತೆ ನೋಡಿ.

ವೆಬ್‌ಸ್ಟರ್, ಬ್ಯಾಕ್ಸ್‌ಟರ್, ಬ್ರೂಸ್ಟರ್ ಇವುಗಳ ಕೊನೆಲಿರೋ ‘ಸ್ಟರ್’ ಮೊದಲು ಹೆಂಗಸರಿಗೆ ಹಾಕ್ತಿದ್ದ ಪ್ರತ್ಯಯ, ನೇಯೋಳು, ರೊಟ್ಟಿ ಬೇಯಿಸೋಳು, ಬಿಯರ್ ಮಾಡೋಳು. ಆಮೇಲಾಮೇಲೆ ಗಂಡಸರಿಗೂ ಅದೇ ಬಳಕೆ ಆಯ್ತು.

ಈ ಗುಂಪಲ್ಲೇ ಗುಂಡಿಗಳೂ ಜಾಸ್ತಿ. ಕವರ್ಡ್ ಅನ್ನೋ ಸರ್‌ನೇಮ್ ನೋಡಿ ಹೇಡಿ ಅನ್ಕೋಬೇಡಿ, ಅವನು ದನ ಕಾಯೋನು, ಕೌ-ಹರ್ಡ್ ಸವೆದು ಹಾಗಾಗಿದೆ. ಫಾರ್ಮರ್ ರೈತ ಅಲ್ಲ, ಕಂದಾಯ ವಸೂಲಿ ಗುತ್ತಿಗೆ ಹಿಡಿದೋನು. ಬಾರ್ಕರ್ ಬೊಗಳಲ್ಲ, ಮರದ ತೊಗಟೆ ಹಾಕಿ ಚರ್ಮ ಹದ ಮಾಡ್ತಾನೆ. ಪಾರ್ಕರ್ ಬೇಟೆಗೆ ಅಂತ ಬೇಲಿ ಹಾಕಿದ ಕಾಡು ಕಾಯೋನು. ಕ್ಲಾರ್ಕ್ ಅಂದ್ರೆ ಚರ್ಚಲ್ಲಿದ್ದ ಓದು ಬರಹ ಬಲ್ಲವನು. ಕ್ರಿಕೆಟಿನ ಜೋಸ್ ಬಟ್ಲರ್ ಹೆಸರು ಹುಟ್ಟಿದ್ದು ದೊರೆ ಮನೆಲಿ ವೈನ್ ಉಗ್ರಾಣ ನೋಡ್ಕೊಳ್ತಿದ್ದೋನಿಂದ, ಬಾಟಲ್ ಅನ್ನೋ ಪದದ ಮನೆದೇ ಅದು.

ಅಪ್ಪನ ಹೆಸರಿನ ಗುಂಪು ಸುಲಭ ಅನ್ಸುತ್ತೆ. ಜಾನ್ಸನ್ ಅಂದ್ರೆ ಜಾನ್ ಮಗ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಅಂದ್ರೆ ರಾಬರ್ಟನ ಮಗನ ಪೇಟೆ, ಆಂಡರ್ಸನ್‌ಪೇಟೆ ಆಂಡ್ರೂ ಮಗನ ಪೇಟೆ, ಮುಗೀತು. ಆದ್ರೆ ಹಳ್ಳಿಲಿ ಯಾರನ್ನೂ ಪೂರ್ತಿ ಹೆಸರಿಂದ ಕರೀತಿರ್ಲಿಲ್ಲ, ನಾವು ಮಂಜುನಾಥನ್ನ ಮಂಜ ಅಂದಂಗೆ, ಅವ್ರು ಅದಕ್ಕೆ ಪ್ರಾಸ ಬೇರೆ ಸೇರಿಸ್ತಿದ್ರು. ರಿಚರ್ಡ್ ರಿಕ್ ಆದ, ರಿಕ್ ಹೋಗಿ ಡಿಕ್, ಹಿಕ್ ಆದ, ಅಲ್ಲಿಂದ ಡಿಕ್ಸನ್, ಹಿಕ್ಸ್. ರಾಬರ್ಟ್ ರಾಬ್, ಹಾಬ್, ಡಾಬ್ ಆಗಿ ರಾಬ್ಸನ್, ಹಾಬ್ಸನ್, ಡಾಬ್ಸನ್. ರೋಜರ್‌ನಿಂದ ಹಾಡ್ಜ್‌ಸನ್, ಡಾಡ್ಜ್‌ಸನ್. ‘ಕಿನ್’, ‘ಕಾಕ್’ ಅಂತ ಸೇರಿಸಿದ್ರೆ ಪುಟ್ಟ ಅನ್ನೋ ಅರ್ಥ, ಜೆಂಕಿನ್ಸ್‌ನಲ್ಲಿ ಪುಟ್ಟ ಜಾನ್, ಹಿಚ್‌ಕಾಕ್‌ನಲ್ಲಿ ಪುಟ್ಟ ರಿಚರ್ಡ್ ಕೂತಿದಾನೆ. ಅಮ್ಮನ ಹೆಸರಿಂದ ಬಂದವೂ ಇವೆ, ಮ್ಯಾರಿಯಟ್‌ನಲ್ಲಿರೋದು ಮೇರಿ, ಎಮ್ಮೆಟ್‌ನಲ್ಲಿ ಎಮ್ಮಾ. ‘ಸನ್’ ಜಾಸ್ತಿ ಇರೋದು ಉತ್ತರ ಇಂಗ್ಲೆಂಡಲ್ಲಿ, ರಾಬರ್ಟ್ಸ್, ರಿಚರ್ಡ್ಸ್ ತರ ಬರೀ ಸಕಾರ ಇದ್ರೆ ದಕ್ಷಿಣ, ವೇಲ್ಸ್ ಗಡಿ ಕಡೆ.

ಜಾಗದ ಹೆಸರುಗಳು ಸಂಖ್ಯೆಲಿ ಜಾಸ್ತಿ. ಕೊನೇ ತುಂಡು ನೋಡಿ: ಟನ್ ಅಂದ್ರೆ ಹೊಲಮನೆ ಅಥವಾ ಹಳ್ಳಿ, ಲೀ ಅಂದ್ರೆ ಕಾಡು ಕಡಿದ ಬಯಲು, ಫೋರ್ಡ್ ಹೊಳೆ ದಾಟೋ ಜಾಗ, ಬರಿ ಕೋಟೆ, ಹರ್ಸ್ಟ್ ಮರಗಳಿರೋ ದಿಬ್ಬ. ಬಿ, ಥಾರ್ಪ್, ತ್ವೇಟ್ ಅಂತ ಮುಗಿದ್ರೆ ಅದು ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು ನೆಲೆ ಮಾಡಿದ ಯಾರ್ಕ್‌ಶೈರ್, ಲಿಂಕನ್‌ಶೈರ್ ಅಥವಾ ಅಲ್ಲೇ ಸುತ್ತಮುತ್ತ. ಬಾಟಮ್ ಅಂದ್ರೆ ಕಣಿವೆಯ ತಗ್ಗು, ರಾಮ್ಸ್‌ಬಾಟಮ್, ಲಾಂಗ್‌ಬಾಟಮ್ ಕೇಳಿ ನಗೋರು ನಗಲಿ, ಕ್ರಿಕೆಟಿನ ಇಯಾನ್ ಬೋಥಮ್ ಹೆಸರೂ ಅದೇ ಪದದ್ದು. ಇಲ್ಲೊಂದು ವಿಷಯ ಸುಮಾರು ಜನ ಗಮನಿಸಲ್ಲ, ಊರ ಹೆಸರು ಸರ್‌ನೇಮ್ ಆಗೋದು ಸಾಮಾನ್ಯವಾಗಿ ಊರು ಬಿಟ್ಟ ಮೇಲೆ. ಊರಲ್ಲೇ ಇದ್ರೆ ಎಲ್ರೂ ಅದೇ ಊರಿನೋರಲ್ವಾ, ಗುರುತು ಆಗೋದು ಹೇಗೆ? ಹುಬ್ಬಳ್ಳಿಗೆ ಬಂದ ಮೇಲೆ ತಾನೇ ಒಬ್ಬ ಗದಗದೋನಾಗೋದು.

ಊರಲ್ಲದೆ ಬರೀ ಮರ, ಹಳ್ಳದ ಹೆಸರೂ ಇವೆ, ಹಿಲ್, ವುಡ್, ಬ್ರೂಕ್ ಇವೆಲ್ಲ. ಮಧ್ಯಯುಗದ ಇಂಗ್ಲಿಷಲ್ಲಿ ‘ಆಶ್ ಮರದ ಹತ್ರ’ ಅನ್ನೋಕೆ ‘ಅಟ್ಟೆನ್ ಆಶ್’ ಅಂತಿದ್ರು, ಆ ನಕಾರ ಜಾರಿ ಮುಂದಿನ ಪದಕ್ಕೆ ಅಂಟ್ಕೊಂಡು ನ್ಯಾಶ್ ಆಯ್ತು. ಓಕ್ ಮರದ ಹತ್ರ ಇದ್ದೋರು ನೋಕ್ಸ್. ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ ಪ್ರಧಾನಿ ಆಗಿದ್ದ ಅಟ್ಲೀ ಕೂಡ ‘ಅಟ್ಟೆ ಲೀ’, ಬಯಲ ಹತ್ರದೋನು.

ಇನ್ನು ಜನ ಇಟ್ಟ ಅಡ್ಡಹೆಸರು. ಶಿವಾಜಿನಗರದ ರಸೆಲ್ ಮಾರ್ಕೆಟ್ ಗೊತ್ತಲ್ಲ, ರಸೆಲ್ ಅಂದ್ರೆ ಹಳೇ ಫ್ರೆಂಚಲ್ಲಿ ಕೆಂಗೂದಲ ಪುಟ್ಟ, ಅಚ್ಚ ಕನ್ನಡದಲ್ಲಿ ಕೆಂಚ. ರೀಡ್ ಕೂಡ ಬಹುತೇಕ ಕೆಂಚನೇ. ಕ್ಯಾಂಪ್‌ಬೆಲ್ ಸ್ಕಾಟ್ಲೆಂಡಿನ ಗೇಲಿಕ್ ಭಾಷೇಲಿ ಸೊಟ್ಟಬಾಯಿ, ಕ್ಯಾಮರೂನ್ ಸೊಟ್ಟಮೂಗು. ಡ್ರಿಂಕ್‌ವಾಟರ್ ಅಂತ ಯಾರಿಗೆ ಹೆಸರಿಟ್ರು ಅಂತ ಯೋಚ್ನೆ ಮಾಡಿ, ಹೆಂಡಕ್ಕೆ ಕಾಸಿಲ್ದೆ ನೀರು ಕುಡಿಯೋನಿಗೂ ಇಟ್ಟಿರಬಹುದು, ಮೂರು ಹೊತ್ತೂ ಕುಡಿಯೋನಿಗೆ ಚುಡಾಯಿಸೋಕೂ ಇಟ್ಟಿರಬಹುದು. ಬ್ಲ್ಯಾಕ್ ಇನ್ನೂ ಕಷ್ಟ, ಹಳೇ ಇಂಗ್ಲಿಷಲ್ಲಿ ಕಪ್ಪು ಅನ್ನೋ ಪದಾನೂ ಬಿಳಿಚಿಕೊಂಡಿರೋ ಅನ್ನೋ ಪದಾನೂ ಹೆಚ್ಚುಕಮ್ಮಿ ಒಂದೇ ತರ ಇದ್ವು, ಹಾಗಾಗಿ ಮಿಸ್ಟರ್ ಬ್ಲ್ಯಾಕ್‌ನ ಪೂರ್ವಜ ಕರಿಯಪ್ಪನೂ ಆಗಿರಬಹುದು ಬಿಳಿಯಪ್ಪನೂ ಆಗಿರಬಹುದು. ಕಿಂಗ್, ಬಿಷಪ್, ಪೋಪ್ ಅಂತಿದ್ರೆ ರಾಜವಂಶ ಅನ್ಕೊಂಡು ಎದೆ ಉಬ್ಬಿಸೋದು ಬೇಡ, ಊರ ನಾಟಕದಲ್ಲಿ ಪಾತ್ರ ಹಾಕಿದೋರು, ಜಂಬ ಕೊಚ್ಚಿಕೊಳ್ತಿದ್ದೋರು ಇಂಥವ್ರಿಗೆ ಬಿದ್ದ ಹೆಸರುಗಳು ಅವು.

ಸ್ಟೆಪ್ 4: ಹಳೇ ಸ್ಪೆಲ್ಲಿಂಗ್, ಮ್ಯಾಪ್

ಈಗ ಥ್ಯಾಕರೆ ಹತ್ರ ವಾಪಸ್ ಬರೋಣ. ಕೇಳಿದ್ರೆ ಥ್ಯಾಚರ್ ನೆನಪಾಗುತ್ತೆ, ಅಂದ್ರೆ ಹುಲ್ಲು ಚಾವಣಿ ಹೊದಿಸೋ ಕಸುಬು. ಊಹೆ ಪೂರ್ತಿ ತಪ್ಪಲ್ಲ ಆದ್ರೆ ಸರಿನೂ ಅಲ್ಲ, ಕೊನೇಲಿರೋ ‘ರೇ’ ಅನ್ನೋ ತುಂಡಿಗೆ ಉತ್ತರ ಸಿಕ್ಕಿಲ್ವಲ್ಲ. ಇಂಥ ಹೊತ್ತಲ್ಲಿ 1881ರ ಸೆನ್ಸಸ್ ಹಿಡೀಬೇಕು. ಅದನ್ನ ಇಡಿಯಾಗಿ ಟೈಪ್ ಮಾಡಿ ಆನ್‌ಲೈನ್‌ಗೆ ಹಾಕಿದಾರೆ, ಫ್ಯಾಮಿಲಿಸರ್ಚ್ ಸೈಟಲ್ಲಿ ಫ್ರೀ. ಹೆಸರು ಹಾಕಿ, ಬಂಧುಗಳ ಸ್ಪೆಲ್ಲಿಂಗೂ ಹಾಕಿ, ಯಾವ ಜಿಲ್ಲೆಲಿ ಗುಂಪುಗುಂಪಾಗಿ ಸಿಗ್ತಾರೆ ನೋಡಿ. ರೈಲು ಬಂದ ಮೇಲೂ ಬಹಳಷ್ಟು ಮನೆತನಗಳು ಮೂಲ ಊರಿನ ಆಸುಪಾಸಲ್ಲೇ ಇದ್ದವು, ಹಾಗಾಗಿ ಈ ಗುಂಪು ಸುಳ್ಳು ಹೇಳೋದು ಕಮ್ಮಿ. ಸ್ಮಿತ್ ಹಾಕಿದ್ರೆ ಮಾತ್ರ ಏನೂ ಸಿಗಲ್ಲ, ಎಲ್ಲ ಊರಲ್ಲೂ ಕಮ್ಮಾರ ಇದ್ದ, ಎಲ್ಲ ಕಡೆನೂ ಸ್ಮಿತ್ ಇದಾರೆ. ಥ್ಯಾಕ್ರೇಗಳು ಒತ್ತಾಗಿ ಸಿಗೋದು ಯಾರ್ಕ್‌ಶೈರಿನ ಪಶ್ಚಿಮ ಭಾಗದಲ್ಲಿ. ಯಾರ್ಕ್‌ಶೈರ್ ಅಂದ ತಕ್ಷಣ ವೈಕಿಂಗರ ಭಾಷೆ ತಲೇಲಿ ಬರಬೇಕು.

ಸ್ಟೆಪ್ 5: ಸರಿಯಾದ ಡಿಕ್ಷನರಿ

ಗೂಗಲಲ್ಲಿ ಮೊದಲು ಬರೋ ಸೈಟುಗಳು ಹೆಚ್ಚಿನವು ಒಂದನ್ನ ಇನ್ನೊಂದು ಕಾಪಿ ಹೊಡೆದಿರ್ತವೆ. ನಂಬೋದಾದ್ರೆ 2016ರಲ್ಲಿ ಆಕ್ಸ್‌ಫರ್ಡ್ ತಂದ ಬ್ರಿಟನ್ ಮತ್ತು ಐರ್ಲೆಂಡ್ ಕುಟುಂಬನಾಮಗಳ ನಿಘಂಟು, ನಾಲ್ಕು ಸಂಪುಟ, 45,000ಕ್ಕೂ ಜಾಸ್ತಿ ಹೆಸರು, ಬ್ರಿಸ್ಟಲ್‌ನ ಯೂನಿವರ್ಸಿಟಿ ಒಂದರ ತಂಡ ವರ್ಷಗಟ್ಟಲೆ ಕೂತು ಮಾಡಿದ್ದು. ಅದರಲ್ಲಿ ಹೆಸರು ಸಿಕ್ಕ ಹಳೇ ದಾಖಲೆ, ವರ್ಷ, ಸ್ಪೆಲ್ಲಿಂಗ್ ಸಮೇತ ಕೊಡ್ತಾರೆ, ನೀವೇ ಚೆಕ್ ಮಾಡಬಹುದು. ಕೊಂಡ್ಕೊಳ್ಳೋಕೆ ದುಬಾರಿ, ಸಬ್‌ಸ್ಕ್ರಿಪ್ಶನ್ ಇರೋ ಯೂನಿವರ್ಸಿಟಿ ಲೈಬ್ರರಿಲಿ ಕೇಳಿ ನೋಡಿ, ಇಂಗ್ಲೆಂಡಲ್ಲಿರೋ ನೆಂಟರ ಹತ್ರ ಲೈಬ್ರರಿ ಕಾರ್ಡ್ ಇದ್ರೆ ಅವ್ರನ್ನ ಕೇಳಿ.

ಥ್ಯಾಕರೆಗೆ ಉತ್ತರ ಇಷ್ಟು. ಯಾರ್ಕ್‌ಶೈರಲ್ಲಿ ಗ್ರೇಟ್ ಟಿಂಬಲ್ ಅನ್ನೋ ಕಡೆ ಥ್ಯಾಕ್ರೇ ಅಂತ ಒಂದು ಜಾಗ ಇತ್ತು. ವೈಕಿಂಗರ ಹಳೇ ನಾರ್ಸ್ ಭಾಷೇಲಿ ‘ಥಾಕ್’ ಅಂದ್ರೆ ಚಾವಣಿಗೆ ಹೊದಿಸೋ ಜೊಂಡು, ‘ರಾ’ ಅಂದ್ರೆ ಮೂಲೆ. ಜೊಂಡು ಬೆಳೆಯೋ ಮೂಲೆ. ಆ ಜಾಗ ಈಗ ಫ್ಯೂಸ್ಟನ್ ಜಲಾಶಯದ ನೀರಿನಡಿ ಇದೆ. ಮುಳುಗಡೆ ಅಂದ್ರೆ ಏನು ಅಂತ ನಮ್ಮ ಬಾಗಲಕೋಟೆಯೋರಿಗೆ, ಶರಾವತಿ ಕಡೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಊರು ಹೋದ್ರೂ ಜನರ ಹೆಸರಲ್ಲಿ ಉಳ್ಕೊಂಡಿದೆ.

ಕಲ್ಕತ್ತಾದಲ್ಲಿ 1811ರಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಇದೇ ಕಲೆಕ್ಟರ್ ಮನೆತನದೋನು. ಮೇಕ್‌ಪೀಸ್ ಕೂಡ ಒಂದು ಹಳೇ ಸರ್‌ನೇಮೇ, ಜಗಳ ಬಿಡಿಸಿ ರಾಜಿ ಮಾಡಿಸೋನು ಅಂತ. ಕಿತ್ತೂರಿಗೆ ಹೋದ ಥ್ಯಾಕರೆಗೆ ಆ ಹೆಸರು ಇರ್ಲಿಲ್ಲ ಬಿಡಿ. ಇನ್ನು ಮುಂಬೈನ ಠಾಕ್ರೆಗಳು ಇಂಗ್ಲಿಷಲ್ಲಿ ಇದೇ ಸ್ಪೆಲ್ಲಿಂಗ್ ಹಾಕೋದು ಬಾಳ ಠಾಕ್ರೆಯವರ ತಂದೆ ಕೇಶವ ಠಾಕ್ರೆಯವರಿಗೆ ಈ ಕಾದಂಬರಿಕಾರನ ಮೇಲಿದ್ದ ಅಭಿಮಾನದಿಂದ ಅಂತ ಹೇಳ್ತಾರೆ, ಸ್ಪೆಲ್ಲಿಂಗ್ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ.

ಸ್ಟೆಪ್ 6: ಒಂದು ಮನೆತನವನ್ನೇ ಹಿಂಬಾಲಿಸೋದಾದ್ರೆ

ಹೆಸರಿನ ಅರ್ಥ ಬೇರೆ, ಒಂದು ಕುಟುಂಬದ ಚರಿತ್ರೆ ಬೇರೆ. ವೆಸ್ಟ್ ಇಂಡೀಸಿನ ಬಹಳಷ್ಟು ಇಂಗ್ಲಿಷ್ ಸರ್‌ನೇಮ್‌ಗಳು ಗುಲಾಮಗಿರಿ ಕಾಲದಲ್ಲಿ ತೋಟದ ಮಾಲೀಕರಿಂದಲೋ ಬೇರೆ ಬಿಳಿಯರಿಂದಲೋ ಬಂದವು, ಅಲ್ಲಿ ಆರ್ಚರ್ ಅಂತ ಸಿಕ್ಕಿದ್ರೆ ಅವನ ಮುತ್ತಜ್ಜ ಇಂಗ್ಲೆಂಡಲ್ಲಿ ಬಿಲ್ಲು ಹಿಡಿದಿದ್ದ ಅಂತ ಹೇಳೋಕಾಗಲ್ಲ. ಆದ್ರಿಂದ ಯಾವಾಗ್ಲೂ ಇವತ್ತಿಂದ ಹಿಂದಕ್ಕೆ ಹೋಗಿ, ಹಳೇ ಕಾಲದಿಂದ ಮುಂದಕ್ಕೆ ಬರಬೇಡಿ.

ಇಂಗ್ಲೆಂಡಲ್ಲಿ ಜನನ, ಮದುವೆ, ಮರಣ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ಕ್ಕೆ, ಇಂಡೆಕ್ಸ್ ಫ್ರೀಬಿಎಂಡಿ ಸೈಟಲ್ಲಿ ಸಿಗುತ್ತೆ. ಮನೆಮಂದಿ ಹೆಸರಿರೋ ಸೆನ್ಸಸ್ 1841ರಿಂದ ಹತ್ತು ವರ್ಷಕ್ಕೊಂದು, ನೂರು ವರ್ಷ ಮುಚ್ಚಿಟ್ಟು ಆಮೇಲೆ ಬಿಡ್ತಾರೆ, 1921ರದ್ದು 2022ರಲ್ಲಿ ಬಂತು. 1931ರದ್ದು ಬೆಂಕಿಗೆ ಹೋಯ್ತು, 1941ರಲ್ಲಿ ಯುದ್ಧ ಅಂತ ಎಣಿಸಲೇ ಇಲ್ಲ, ಸುಮ್ನೆ ಹುಡುಕ್ತಾ ಕೂರಬೇಡಿ. 1837ಕ್ಕಿಂತ ಹಿಂದೆ ಚರ್ಚ್ ರಿಜಿಸ್ಟರ್‌ಗಳೇ ಗತಿ, ಅವನ್ನ ಬರೀಬೇಕು ಅಂತ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಆಜ್ಞೆ ಮಾಡಿದ್ದು 1538ರಲ್ಲಿ, ಎಲ್ಲ ಊರಲ್ಲೂ ಅಷ್ಟು ಹಿಂದಿನದು ಉಳಿದಿಲ್ಲ.

ಡಿಎನ್ಎ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ರೆ, ಸ್ಮಿತ್ ತರದ ಹೆಸರಿಗೆ ದುಡ್ಡು ದಂಡ, ಅಪರೂಪದ ಹೆಸರಿಗೆ ಪರವಾಗಿಲ್ಲ. 2000ರಲ್ಲಿ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತನ್ನದೇ ಸರ್‌ನೇಮ್ ಇರೋ ಗಂಡಸರ ವೈ ಕ್ರೋಮೋಸೋಮ್ (ಅಪ್ಪನಿಂದ ಮಗನಿಗೆ ಮಾತ್ರ ಬರೋ ಡಿಎನ್ಎ ತುಂಡು) ನೋಡಿದಾಗ ಹೆಚ್ಚುಕಮ್ಮಿ ಅರ್ಧ ಜನರಲ್ಲಿ ಒಂದೇ ಗುರುತು ಸಿಕ್ತು, ಸೈಕ್ ಅಂದ್ರೆ ಯಾರ್ಕ್‌ಶೈರ್ ಕಡೆ ಸಣ್ಣ ತೊರೆ. ಆದ್ರೆ ‘ನಿಮ್ಮ ಸರ್‌ನೇಮಿನ ಲಾಂಛನ’ ಅಂತ ಫ್ರೇಮ್ ಹಾಕಿ ಮಾರೋದನ್ನ ಮಾತ್ರ ಕೊಳ್ಳಬೇಡಿ. ಇಂಗ್ಲೆಂಡಲ್ಲಿ ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ ಮತ್ತೆ ಅವನ ವಂಶಕ್ಕೆ, 1484ರಿಂದ ಅದನ್ನ ನೋಡ್ಕೊಳ್ಳೋಕೆ ಕಾಲೇಜ್ ಆಫ್ ಆರ್ಮ್ಸ್ ಇದೆ, ಒಂದು ಸರ್‌ನೇಮ್ ಇರೋ ಎಲ್ರಿಗೂ ಸೇರಿ ಲಾಂಛನ ಅನ್ನೋದು ಇಲ್ವೇ ಇಲ್ಲ.

ನಮ್ಮ ಊರಲ್ಲಿದ್ದ ಸಾಹೇಬರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಇವ್ರ ಬಗ್ಗೆ ಹುಡುಕೋದಾದ್ರೆ ದಾರಿ ಸ್ವಲ್ಪ ಬೇರೆ. ಇಲ್ಲಿ ಚರ್ಚ್‌ಗಳಲ್ಲಿ ಆದ ನಾಮಕರಣ, ಮದುವೆ, ಸಮಾಧಿ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಲಿ ಇವೆ, ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಭಾಗ. ಬೆಂಗಳೂರು, ಬಳ್ಳಾರಿ, ಮಂಗಳೂರಿಗೆ ಮದ್ರಾಸ್ ಭಾಗ ತೆಗೀರಿ, ಬೆಳಗಾವಿ, ಧಾರವಾಡಕ್ಕೆ ಬಾಂಬೆ. ಕಾರವಾರದೋರು ಮಾತ್ರ ಎರಡನ್ನೂ ನೋಡಬೇಕು, ಉತ್ತರ ಕನ್ನಡ 1862ರಲ್ಲಿ ಮದ್ರಾಸಿಂದ ಬಾಂಬೆಗೆ ಸೇರಿತು, ಅಜ್ಜನ ಮದುವೆ ಒಂದರಲ್ಲಿ, ಮೊಮ್ಮಗನ ನಾಮಕರಣ ಇನ್ನೊಂದರಲ್ಲಿ ಸಿಗೋದುಂಟು.